ಹಂಪಿ ಕಂಪ್ಯೂಟರ್ ಸೇರಿದೆಯೇ?

ಪ್ರಶ್ನೆ: ‘ರೀಬೂಟ್’ ಕಾರ್ಟೂನಿನ ಕಥೆ ಕಂಪ್ಯೂಟರಿನೊಳಗಿನ ಊರಲ್ಲಿ ನಡೆಯುತ್ತದಂತೆ. ನಮ್ಮ ಹಂಪಿಯೂ ಹೀಗೆ ಕಂಪ್ಯೂಟರ್ ಸೇರಿದೆಯೇ?
– ಓದುಗರು, ಕಂಪ್ಲಿ

ಉತ್ತರ: ಸೇರಿದೆ! ಕೆನಡಾದಲ್ಲಿ ತಯಾರಾಗಿ 1994ರಲ್ಲಿ ಬಂದ ‘ರೀಬೂಟ್’ ಪೂರ್ತಿ ಕಂಪ್ಯೂಟರಿನಲ್ಲೇ ಮಾಡಿದ ಮೊದಲ ಟಿವಿ ಸರಣಿಗಳಲ್ಲೊಂದು. ಅದರ ಮೇನ್‌ಫ್ರೇಮ್ ಪಟ್ಟಣ ಬರೀ ಕಲ್ಪನೆ. ಆದರೆ ಹಂಪಿಯನ್ನು ಕಂಪ್ಯೂಟರಿಗೆ ತಂದ ‘ಪ್ಲೇಸ್-ಹಂಪಿ’ ಎಂಬ ಡಿಜಿಟಲ್ ಕಲಾಕೃತಿಯಲ್ಲಿ ಇರುವುದು ನಿಜವಾದ ಬಂಡೆ, ನಿಜವಾದ ಮಂಟಪಗಳ ಚಿತ್ರ. ಜೆಫ್ರಿ ಶಾ ಮತ್ತು ಸಾರಾ ಕೆಂಡರ್‌ಡೈನ್ ರೂಪಿಸಿದ ಇದು ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಕಲಾಧಾಮದಲ್ಲಿ ನೆಲೆಗೊಂಡಿತು. ದುಂಡನೆಯ ಪರದೆ, ನಡುವೆ ತಿರುಗುವ ಕಟ್ಟೆ. ತ್ರೀಡಿ ಕನ್ನಡಕ ಹಾಕಿ ಕಟ್ಟೆಯ ಮೇಲೆ ನಿಂತು ತಿರುಗಿಸಿದರೆ ಹಂಪಿಯ ಸುತ್ತುನೋಟ ಸರಿಯುತ್ತಾ ಹೋಗುತ್ತದೆ; ಕಲ್ಲುಗಳ ನಡುವೆಯೇ ಪುರಾಣದ ದೇವತೆಗಳು ಅನಿಮೇಷನ್ ರೂಪದಲ್ಲಿ ಕಾಣಿಸಿಕೊಳ್ಳುತ್ತಾರೆ. ಕಿಷ್ಕಿಂಧೆಯ ಕಥೆ ಕೇಳಿ ಬೆಳೆಯುವ ನಮ್ಮ ಮಕ್ಕಳಿಗೆ ಇಂಥದ್ದನ್ನು ತೋರಿಸಲೇಬೇಕು. ಹೊಸಪೇಟೆಯಿಂದ ತೋರಣಗಲ್ಲಿಗೆ ರೈಲೂ ಇದೆ.