ಬೋಧಿಸಲು ಬಂದವರು ಕಲಿಯಲು ಕುಳಿತಾಗ

1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಪಾದ್ರಿ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದಾಗ ಇಂಗ್ಲಿಷ್ ಬಲ್ಲವನಿಗೆ ಕನ್ನಡ ಕಲಿಸುವ ಪುಸ್ತಕ ಒಂದೂ ಅಚ್ಚಾಗಿರಲಿಲ್ಲ. ವಿಲಿಯಂ ಕೇರಿ ಬರೆದ ಕನ್ನಡ ವ್ಯಾಕರಣ ಶ್ರೀರಾಂಪುರದಲ್ಲಿ ಮುದ್ರಣಗೊಂಡದ್ದು 1817ರಲ್ಲಿ; ಮೆಕೆರಲ್ ಅವರದು ಮದರಾಸಿನಲ್ಲಿ ಹೊರಬಂದದ್ದು 1820ರಲ್ಲಿ. ಜನರಿಗೆ ಬೋಧಿಸಬೇಕೆಂದು ಸಮುದ್ರ ದಾಟಿ ಬಂದ ವ್ಯಕ್ತಿ ಬಳ್ಳಾರಿಯಲ್ಲಿ ಮೊದಲು ಅಕ್ಷರಮಾಲೆ ತಿದ್ದುವ ವಿದ್ಯಾರ್ಥಿಯಾಗಬೇಕಾಯಿತು.

ಇಂದು ಲ್ಯಾಟಿನ್ ಅಮೆರಿಕಕ್ಕೆ ಹೊರಡುವ ಕ್ರೈಸ್ತ ಮಿಷನರಿಗಳಲ್ಲಿ ಅನೇಕರು ಮೊದಲು ಭಾಷಾಶಾಲೆಗೆ ಸೇರಿ ತಿಂಗಳುಗಟ್ಟಲೆ ಸ್ಪ್ಯಾನಿಷ್ ಕಲಿಯುತ್ತಾರೆ. ಅವರಿಗೆ ವ್ಯಾಕರಣ, ನಿಘಂಟು, ಧ್ವನಿಮುದ್ರಿಕೆ ಎಲ್ಲವೂ ಸಿದ್ಧವಾಗಿ ಸಿಗುತ್ತವೆ. ಆದರೆ ಹದಿನಾರನೆಯ ಶತಮಾನದಲ್ಲಿ ಅದೇ ನಾಡಿಗೆ ಸ್ಪೇನಿನಿಂದ ಹೋದ ಪಾದ್ರಿಗಳ ಪಾಡು ಹ್ಯಾಂಡ್ಸ್ ಅವರದಕ್ಕಿಂತ ಭಿನ್ನವಾಗಿರಲಿಲ್ಲ. ಮೆಕ್ಸಿಕೋದ ನಾವಾಟಲ್ ಭಾಷೆಯನ್ನು ಅವರು ಅಲ್ಲಿನವರ ಬಾಯಿಂದಲೇ ಕಲಿಯಬೇಕಿತ್ತು. ಬಾಲ್ಯದಲ್ಲೇ ಆ ಭಾಷೆ ಕಲಿತ ಅಲೊನ್ಸೊ ದ ಮೊಲಿನಾ 1555ರಲ್ಲಿ ಅದಕ್ಕೊಂದು ಶಬ್ದಕೋಶ ಕೊಟ್ಟರು. ಪುಸ್ತಕವಿಲ್ಲದ ಕಡೆ ಕಲಿಯುವವನೇ ಪುಸ್ತಕ ಬರೆಯಬೇಕಾಗುತ್ತದೆ. ಬಳ್ಳಾರಿಯಲ್ಲಿ ನಡೆದದ್ದೂ ಇದೇ.

ಹ್ಯಾಂಡ್ಸ್ ಬಂದ ಕಾಲದ ಬಳ್ಳಾರಿ ಆಗಷ್ಟೇ ಕೈ ಬದಲಾಗಿದ್ದ ಸೀಮೆ. 1800ರಲ್ಲಿ ಹೈದರಾಬಾದಿನ ನಿಜಾಮರು ಈ ಪ್ರದೇಶವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟಿದ್ದರು. ಥಾಮಸ್ ಮನ್ರೋ 1807ರವರೆಗೆ ಇಲ್ಲಿ ಪ್ರಧಾನ ಕಲೆಕ್ಟರರಾಗಿದ್ದರು. ಊರಿನಲ್ಲಿ ಕೋಟೆ, ದಂಡು, ಪೇಟೆ. ಇನ್ನೊಂದು ಮಾತು: ಕಂಪನಿಗೆ ಆಗ ಮಿಷನರಿಗಳು ಬೇಕಾದವರಾಗಿರಲಿಲ್ಲ. ಧರ್ಮದ ವಿಷಯಕ್ಕೆ ಕೈಹಾಕಿದರೆ ಜನ ಕೆರಳಿಯಾರು ಎಂಬ ಅಂಜಿಕೆ ಅದಕ್ಕಿತ್ತು. 1813ರ ಚಾರ್ಟರ್ ಕಾಯ್ದೆಯ ನಂತರವೇ ಅವರಿಗೆ ಬಾಗಿಲು ಸರಿಯಾಗಿ ತೆರೆದದ್ದು.

ಯಾವ ಭಾಷೆಯನ್ನು ಕಲಿಯಬೇಕು ಎಂಬುದೇ ಇಲ್ಲಿ ಮೊದಲ ಪ್ರಶ್ನೆ. ಬಳ್ಳಾರಿಯ ಪೇಟೆಯಲ್ಲಿ ಕನ್ನಡದೊಡನೆ ತೆಲುಗು, ದಖನಿ ಉರ್ದು, ಮರಾಠಿ ಓಡಾಡುತ್ತಿದ್ದವು. ದಂಡಿನಲ್ಲಿ ತಮಿಳೂ ಇತ್ತು. ಅರೆಬರೆ ಹಿಂದೂಸ್ತಾನಿ ಬಂದರೂ ಪೇಟೆಯಲ್ಲಿ ದಿನ ಕಳೆಯಬಹುದಿತ್ತು. ಊರು ಬಿಟ್ಟು ಹೊರಟರೆ ಆ ಆಟ ನಡೆಯದು. ಸಿಂದ ಅರಸರ ರಾಜಧಾನಿಯಾಗಿದ್ದ ಕುರುಗೋಡಿನಲ್ಲಿ, ದೊಡ್ಡಬಸವೇಶ್ವರನ ಏಕಶಿಲೆಯ ನಂದಿಯ ಎದುರು ಸೇರುವ ಭಕ್ತರದು ಎರೆಭೂಮಿಯ ಕನ್ನಡ, ಶರಣರ ನೆನಪುಳ್ಳ ಕನ್ನಡ. ತುಂಗಭದ್ರೆಯ ದಂಡೆಯ ಸಿರುಗುಪ್ಪದಲ್ಲಿ, ವಿಜಯನಗರದ ಕಾಲದ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ರೈತನ ಮಾತಿನಲ್ಲಿ ಕನ್ನಡ ಮತ್ತು ತೆಲುಗು ಒಂದಕ್ಕೊಂದು ಹೊಸೆದುಕೊಂಡಿರುತ್ತವೆ. ಹೀಗೆ ಪಂಡಿತನ ಕನ್ನಡ ಬೇರೆ, ಕಣದ ಕನ್ನಡ ಬೇರೆ. ಎರಡರಲ್ಲಿ ಒಂದನ್ನು ಬಿಟ್ಟರೂ ಪರದೇಶಿಯ ಕಲಿಕೆ ಅರ್ಧವೇ.

ಆ ಕಾಲದ ರೂಢಿಯಂತೆ ಕಲಿಕೆಯ ಆಧಾರ ಮುನ್ಷಿ. ಸಂಬಳಕ್ಕೆ ಗೊತ್ತುಮಾಡಿದ ವಿದ್ವಾಂಸ ಎದುರು ಕುಳಿತು ಓದಿಸುತ್ತಿದ್ದ; ವಿದ್ಯಾರ್ಥಿ ಪದಗಳನ್ನು ಬರೆದಿಟ್ಟುಕೊಳ್ಳುತ್ತಿದ್ದ. ‘ಬಾಲ’ ಮತ್ತು ‘ಬಾಳ’, ‘ಕನ್ನಡಿ’ ಮತ್ತು ‘ಕಣ್ಣಡಿ’ ಎಂಬ ಭೇದ ನಮಗೆ ಸಹಜ. ‘ಳ’ಕಾರ, ‘ಣ’ಕಾರಗಳೇ ಇಲ್ಲದ ಇಂಗ್ಲಿಷ್ ಕಿವಿಗೆ ಅದು ತಿಂಗಳುಗಳ ಸಾಧನೆ. ಇನ್ನು ‘ನೀನು’, ‘ನೀವು’, ‘ತಾವು’ ಎಂಬ ಮರ್ಯಾದೆಯ ಮೆಟ್ಟಿಲುಗಳು. ಇಲ್ಲಿ ಕಾಲು ಜಾರಿದರೆ ತಪ್ಪಾಗುವುದು ವ್ಯಾಕರಣ ಮಾತ್ರವಲ್ಲ, ಎದುರಿಗಿದ್ದವರ ಮನಸ್ಸೂ ಮುರಿಯುತ್ತದೆ.

ಅನುವಾದಕ್ಕೆ ಕೈಹಾಕಿದಾಗ ತೊಡಕು ಇನ್ನೂ ಆಳಕ್ಕಿಳಿಯಿತು. ಮನುಷ್ಯ ಮತ್ತೊಮ್ಮೆ ಹುಟ್ಟಬೇಕು ಎಂಬುದು ಬೈಬಲ್ಲಿನ ಒಂದು ಮುಖ್ಯ ಬೋಧನೆ. ಜನ್ಮಜನ್ಮಾಂತರಗಳ ಸುತ್ತಿನಿಂದ ಬಿಡುಗಡೆಯನ್ನೇ ಮುಕ್ತಿ ಎಂದು ನಂಬಿದ ಕೇಳುಗನಿಗೆ ಮರುಹುಟ್ಟು ವರವೋ ಶಾಪವೋ? ಪಾಪ, ಕೃಪೆ, ರಕ್ಷಣೆ, ಆತ್ಮ ಇವುಗಳಲ್ಲಿ ಯಾವ ಪದವೂ ಖಾಲಿ ಪಾತ್ರೆಯಾಗಿರಲಿಲ್ಲ. ಒಂದೊಂದರಲ್ಲೂ ಶತಮಾನಗಳ ಅರ್ಥ ತುಂಬಿತ್ತು. ಯೇಸು ‘ಹೇಳಿದನು’ ಎನ್ನಬೇಕೆ, ‘ಹೇಳಿದರು’ ಎನ್ನಬೇಕೆ ಎಂಬುದನ್ನು ಇಂಗ್ಲಿಷ್ ಕೇಳುವುದಿಲ್ಲ, ಕನ್ನಡ ಪ್ರತಿ ವಾಕ್ಯದಲ್ಲೂ ಕೇಳುತ್ತದೆ. ಹಳೆಯ ಕನ್ನಡ ಬೈಬಲ್ಲು ಏಕವಚನವನ್ನು ಹಿಡಿಯಿತು, ಇತ್ತೀಚಿನ ಅನುವಾದವೊಂದು ಬಹುವಚನಕ್ಕೆ ಬಂದಿದೆ. ಎರಡು ಶತಮಾನ ಕಳೆದರೂ ಆ ಚರ್ಚೆ ಮುಗಿದಿಲ್ಲ ಎನ್ನಬೇಕು.

ಹ್ಯಾಂಡ್ಸ್ ಮತ್ತು ಅವರನ್ನು ಕೂಡಿಕೊಂಡ ವಿಲಿಯಂ ರೀವ್ ಈ ಕೆಲಸದಲ್ಲಿ ತೊಡಗಿದರು. ಸಂಪೂರ್ಣ ಕನ್ನಡ ಬೈಬಲ್ ಹೊರಬಂದದ್ದು 1831ರಲ್ಲಿ, ಅಂದರೆ ಹ್ಯಾಂಡ್ಸ್ ಬಳ್ಳಾರಿಗೆ ಬಂದ ಇಪ್ಪತ್ತೊಂದು ವರ್ಷಗಳ ಮೇಲೆ. ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಮದರಾಸಿನಲ್ಲಿ ಅಚ್ಚು ಹಾಕಿಸಿದರು. ತಮ್ಮ ಕಲಿಕೆಗೆಂದು ಕೂಡಿಸಿದ ಪದಗಳು ಹೀಗೆ ಇತರರ ಆಸ್ತಿಯಾದವು. ಫರ್ಡಿನೆಂಡ್ ಕಿಟೆಲ್ ಅವರ ಮಹಾನಿಘಂಟು ಮಂಗಳೂರಿನಿಂದ 1894ರಲ್ಲಿ ಬರುವ ಅರವತ್ತೆರಡು ವರ್ಷ ಮೊದಲೇ ಬಳ್ಳಾರಿಯ ಈ ದುಡಿಮೆ ಅಚ್ಚಾಗಿತ್ತು ಎಂಬುದು ಗಮನಾರ್ಹ.

ಬಳ್ಳಾರಿಯಲ್ಲಿ ಕಲಿತದ್ದು ಬೇರೆಡೆಗೂ ಹರಿಯಿತು. ಇಲ್ಲಿ ಕೆಲಸ ಮಾಡಿದ ಜೋಸೆಫ್ ಟೇಲರ್ 1820ರಲ್ಲಿ ಬೆಳಗಾವಿಗೆ ಹೋಗಿ ಅಲ್ಲಿ ಮಿಷನ್ ಆರಂಭಿಸಿದರು. ಅದೇ ವರ್ಷ ಹುಟ್ಟಿದ ಅವರ ಮಗ ಜೆ. ವಿ. ಎಸ್. ಟೇಲರ್ ಮುಂದೆ ಗುಜರಾತಿಗೆ ಹೋಗಿ ಗುಜರಾತಿ ವ್ಯಾಕರಣ ಬರೆದು ಹೆಸರಾದರು. ಬಳ್ಳಾರಿಯ ವಾರ್ಡ್‌ಲಾ ಶಾಲೆಯೂ ಇದೇ ಮಿಷನ್ನಿನ ಕೂಸು.

ಮಿಷನರಿಗಳ ಗುರಿ ಧರ್ಮಪ್ರಚಾರ ಎಂಬುದನ್ನು ಮರೆಮಾಚಬೇಕಿಲ್ಲ. ಆ ಗುರಿಯ ಬಗ್ಗೆ ಅಂದೂ ವಿರೋಧವಿತ್ತು, ಇಂದೂ ವಿವಾದವಿದೆ. ಆದರೆ ಭಾಷೆಗೆ ತನ್ನದೇ ಒಂದು ನ್ಯಾಯವಿದೆ. ಅದನ್ನು ಕಲಿಯಲು ಬಂದವನು ಯಾವ ಉದ್ದೇಶದಿಂದ ಬಂದರೂ ಅದು ಅವನನ್ನು ಮೊದಲು ಶಿಷ್ಯನನ್ನಾಗಿಸುತ್ತದೆ. ಹೀಗೆ ಕಲಿತವರ ಹೆಸರುಗಳು ಪುಸ್ತಕಗಳ ಮುಖಪುಟದಲ್ಲಿ ಉಳಿದವು. ಕಲಿಸಿದ ಮುನ್ಷಿಗಳ ಹೆಸರು ಅಲ್ಲಿಲ್ಲ. ಪರಕೀಯರ ಧರ್ಮಗ್ರಂಥಕ್ಕೆ ತಕ್ಕ ಕನ್ನಡ ಪದ ಹುಡುಕಿಕೊಡುವಾಗ ಆ ವಿದ್ವಾಂಸರ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಯಾರೂ ಕೇಳಿ ಬರೆದಿಡಲಿಲ್ಲ. ರೀವ್ ನಿಘಂಟಿನ ಯಾವುದೇ ಪುಟ ತೆರೆದರೂ, ಪದದ ಅರ್ಥ ಇಂಗ್ಲಿಷಿನಲ್ಲಿದೆ. ಪದ ಮಾತ್ರ ಅವರದು.