ಹಾಜರಿ ಪುಸ್ತಕದ ಕೊನೆಯ ಹೆಸರು

ತರಗತಿಯಲ್ಲಿ ಪ್ರಶ್ನೆ ಕೇಳುವ ಉಪಾಧ್ಯಾಯನ ಕಣ್ಣು ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಮುಂದಿನ ಬೆಂಚಿನವರು ಮೊದಲು ಕಾಣುತ್ತಾರೆ. ಚೆನ್ನಾಗಿ ಓದುವವರ ಹೆಸರು ತಾನಾಗಿ ಬಾಯಿಗೆ ಬರುತ್ತದೆ. ತುಂಟರನ್ನು ಕೆಣಕದೆ ಇರಲಾಗುವುದಿಲ್ಲ. ಈ ಮೂರು ಗುಂಪಿಗೂ ಸೇರದವರು ವರ್ಷವೆಲ್ಲ ಸುಮ್ಮನೆ ಕುಳಿತಿದ್ದು ಎದ್ದುಹೋಗುತ್ತಾರೆ. ಹಲವು ವರ್ಷ ಕನ್ನಡ ಪಾಠ ಹೇಳಿದ ಮೇಲೆ ಈ ದೋಷ ನನ್ನಲ್ಲಿಯೂ ಉಂಟೆಂದು ಅರಿವಾಗಿ, ಅದನ್ನು ಕಳೆದುಕೊಳ್ಳುವ ಆಸೆಯಿಂದ ಗಣಕಯಂತ್ರದ ಮೊರೆಹೊಕ್ಕೆ. ಗಣಿತ ವಿಭಾಗದ ಸ್ನೇಹಿತರೊಬ್ಬರ ಬಳಿ ಸಂಜೆಯ ಹೊತ್ತು ಕುಳಿತು ಪ್ರೋಗ್ರಾಮು ಬರೆಯುವುದನ್ನು ಅಷ್ಟಿಷ್ಟು ಕಲಿತೆ. ತರಗತಿಯಲ್ಲಿ 42 ಮಂದಿ. 1ರಿಂದ 42ರವರೆಗಿನ ಯಾವುದಾದರೊಂದು ಸಂಖ್ಯೆಯನ್ನು ಯಂತ್ರ ಹೇಳಬೇಕು. ಆ ಸಂಖ್ಯೆಯವರು ಎದ್ದು ನಿಂತು ಅಂದಿನ ಷಟ್ಪದಿಯನ್ನು ಓದಿ ಅನ್ವಯ ಹೇಳಬೇಕು. ಹೀಗೆ 120 ಪಾಠಗಳು ನಡೆದವು. ನಾನು ನಿಷ್ಪಕ್ಷಪಾತಿಯಾದೆನೆಂದು ಒಳಗೊಳಗೇ ಹಿಗ್ಗಿದ್ದೆ.

ಕೊನೆಯ ಪಾಠ ಮುಗಿದ ದಿನ, ಹಾಜರಿ ಪುಸ್ತಕದಲ್ಲಿ ಕಟ್ಟಕಡೆಯ ಹೆಸರಿನ ಹುಡುಗಿ ಬಾಗಿಲ ಬಳಿ ನಿಂತು, "ಸಾರ್, ನನ್ನ ನಂಬರು ಒಂದು ಸಲವೂ ಬರಲಿಲ್ಲ. ದಿನಾ ಓದಿಕೊಂಡು ಬರುತ್ತಿದ್ದೆ" ಎಂದಳು.

"ಅದು ಅದೃಷ್ಟದ ಆಟವಮ್ಮ" ಎಂದು ನಕ್ಕು ಕಳುಹಿಸಿಬಿಟ್ಟೆ.

ನನ್ನ ಉತ್ತರ ತೀರ ಅವಿವೇಕದ್ದಾಗಿರಲಿಲ್ಲ. 42 ಮಂದಿಯಲ್ಲಿ ಒಬ್ಬರನ್ನು ಪ್ರತಿದಿನವೂ ಸಮನಾದ ಅವಕಾಶದಿಂದ ಆರಿಸಿದರೆ, ಗೊತ್ತಾದ ಒಬ್ಬಳು 120 ದಿನವೂ ತಪ್ಪಿಹೋಗುವ ಸಂಭವ ನೂರಕ್ಕೆ ಐದೂವರೆಯಷ್ಟು. ಇಡೀ ತರಗತಿಗೆ ಲೆಕ್ಕ ಹಾಕಿದರೆ, ಯಾವ ಮೋಸವೂ ಇಲ್ಲದೆಯೇ ಸರಾಸರಿ ಇಬ್ಬರಿಗಿಂತ ಸ್ವಲ್ಪ ಹೆಚ್ಚು ಜನ ವರ್ಷವೆಲ್ಲ ಕರೆಯಿಲ್ಲದೆ ಉಳಿಯಬೇಕು. ಆದ್ದರಿಂದ ಒಬ್ಬಳು ಉಳಿದಳೆಂಬ ಮಾತ್ರಕ್ಕೆ ಯಂತ್ರವನ್ನು ಶಂಕಿಸಲು ಕಾರಣವಿರಲಿಲ್ಲ. ಆದರೂ ಆ ಹುಡುಗಿಯದು ಪಟ್ಟಿಯ ಕೊನೆಯ ಹೆಸರು ಎಂಬ ಸಂಗತಿ ರಾತ್ರಿಯೆಲ್ಲ ನನ್ನನ್ನು ಕೊರೆಯಿತು. ಮಧ್ಯದ ಒಂದು ಹೆಸರಾಗಿದ್ದರೆ ನಿದ್ದೆ ಬರುತ್ತಿತ್ತೋ ಏನೋ.

ಗಣಕಯಂತ್ರ ಸಂಖ್ಯೆಯನ್ನು ಹೇಗೆ ಆರಿಸುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ಚೌಕಾಬಾರದ ಕವಡೆಯಂತೆ ಅದು ಏನನ್ನೂ ಕುಲುಕಿ ಚೆಲ್ಲುವುದಿಲ್ಲ. ಸಾಮಾನ್ಯ ಪ್ರೋಗ್ರಾಮುಗಳಲ್ಲಿ ಅದು ಮಾಡುವುದು ಬರಿಯ ಲೆಕ್ಕ. ಒಂದು ಸಂಖ್ಯೆಯನ್ನು ಬೀಜವಾಗಿ ತೆಗೆದುಕೊಂಡು, ಅದನ್ನು ಗುಣಿಸಿ, ಕೂಡಿ, ಭಾಗಿಸಿ, ಉಳಿದ ಶೇಷವನ್ನು ಮುಂದಿನ ಸಂಖ್ಯೆಯೆಂದು ಕೊಡುತ್ತದೆ; ಅದಕ್ಕೂ ಅದೇ ಸಂಸ್ಕಾರ ಮಾಡಿ ಅದರ ಮುಂದಿನದನ್ನು ಕೊಡುತ್ತದೆ. ಅಮೆರಿಕದ ಗಣಿತಜ್ಞ ಡಿ. ಎಚ್. ಲೆಹ್ಮರ್ 1949ರಲ್ಲಿ ಸೂಚಿಸಿದ ದಾರಿ ಈ ಬಗೆಯದು. ಓದುಗರು ಕಾಗದದ ಮೇಲೆಯೇ ಮಾಡಿ ನೋಡಬಹುದು. ಬೀಜ 7 ಇರಲಿ. ಪ್ರತಿಸಲವೂ 5ರಿಂದ ಗುಣಿಸಿ, 3 ಕೂಡಿ, 16ರಿಂದ ಭಾಗಿಸಿ ಶೇಷವನ್ನು ಬರೆಯಿರಿ. 7, 6, 1, 8, 11, 10, 5, 12, 15, 14, 9, 0, 3, 2, 13, 4, ಮತ್ತೆ 7. ಹದಿನಾರು ಸಂಖ್ಯೆಗಳೂ ಒಂದೊಂದು ಸಲ ಬಂದು ಚಕ್ರ ಮರಳಿ ಮೊದಲಾಯಿತು. ಮೇಲುನೋಟಕ್ಕೆ ಕ್ರಮವಿಲ್ಲದಂತೆ ಕಾಣುವ ಈ ಸಾಲಿನಲ್ಲಿ ಬೆಸ ಸಮ, ಬೆಸ ಸಮ ಎಂದು ತಪ್ಪದ ಹೆಜ್ಜೆಯಿರುವುದನ್ನು ಗಮನಿಸಿ. ಇದನ್ನು ನಂಬಿ ನಾಣ್ಯ ಚಿಮ್ಮುವ ಆಟ ಕಟ್ಟಿದವನು ಬೇಗನೆ ಸಿಕ್ಕಿಬೀಳುತ್ತಾನೆ. ಇಂಥವನ್ನು ಹುಸಿ ಯಾದೃಚ್ಛಿಕ ಸಂಖ್ಯೆಗಳೆನ್ನುವುದು ಸರಿಯಾಗಿಯೇ ಇದೆ. ಇದಕ್ಕಿಂತ ಹಿಂದೆ ಫಾನ್ ನಾಯ್ಮನ್ ಹೇಳಿದ್ದ ಉಪಾಯವೊಂದಿತ್ತು: ನಾಲ್ಕಂಕಿಯ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಬಂದ ಎಂಟಂಕಿಯ ನಡುವಿನ ನಾಲ್ಕನ್ನು ತೆಗೆದುಕೊಳ್ಳುವುದು. ದುರದೃಷ್ಟಕ್ಕೆ 3792 ಸಿಕ್ಕಿತೆನ್ನಿ. ಗುಣಲಬ್ಧ 14379264, ನಡುವೆ ಮತ್ತೆ 3792! ಗಾಣದೆತ್ತು ಸುತ್ತುಬರುವುದನ್ನೂ ಬಿಟ್ಟು ನಿಂತಲ್ಲೇ ನಿಂತಂತೆ. ಈಗಿನ ಸೂತ್ರಗಳು ಬಹಳ ದೂರ ಬಂದಿವೆ. ಜಪಾನಿನ ಮಾತ್ಸುಮೊತೊ ಮತ್ತು ನಿಶಿಮುರ 1998ರಲ್ಲಿ ಪ್ರಕಟಿಸಿದ ಸೂತ್ರದ ಚಕ್ರ ಮರಳುವುದಕ್ಕೆ ಬೇಕಾದ ಸಂಖ್ಯೆಗಳ ಎಣಿಕೆಯನ್ನು ಬರೆಯಲು ಆರು ಸಾವಿರಕ್ಕೂ ಹೆಚ್ಚು ಅಂಕಿಗಳು ಬೇಕು.

ಬೀಜವನ್ನು ಯಾರು ಕಾಯಬೇಕು ಎಂಬುದು ಮುಂದಿನ ಪ್ರಶ್ನೆ. ನಾನು ಕಲಿತ ಬಗೆಯ ಪ್ರೋಗ್ರಾಮಿನಲ್ಲಿ ಅದಕ್ಕೊಂದು ಆಬ್ಜೆಕ್ಟ್ ಇರುತ್ತದೆ. ಹಳೆಯ ಕಾಲದ ಶಾನುಭೋಗರನ್ನು ನೆನೆದರೆ ಇದು ತಿಳಿಯುತ್ತದೆ. ಲೆಕ್ಕದ ಕಡತ ಅವರ ಪೆಟ್ಟಿಗೆಯಲ್ಲಿ. ಕೇಳಿದ್ದಕ್ಕೆ ಉತ್ತರ ಹೇಳುವರು, ಕಡತಕ್ಕೆ ಕೈಹಾಕಗೊಡರು. ಆಬ್ಜೆಕ್ಟ್ ಎಂಬುದೂ ಹಾಗೆಯೇ ತನ್ನ ಸ್ಥಿತಿಯನ್ನು ತನ್ನೊಳಗೆ ಬಚ್ಚಿಟ್ಟುಕೊಂಡು, "ಮುಂದಿನ ಸಂಖ್ಯೆ ಕೊಡು" ಎಂದಾಗ ಕೊಟ್ಟು, ಒಳಗಿನ ಲೆಕ್ಕವನ್ನು ತಾನೇ ಒಂದು ಹೆಜ್ಜೆ ಮುಂದೊತ್ತುತ್ತದೆ. ಇಂಥ ಆಬ್ಜೆಕ್ಟುಗಳನ್ನು ಎರಕಹೊಯ್ಯುವ ಅಚ್ಚಿಗೆ ಕ್ಲಾಸ್ ಎಂದು ಹೆಸರು. ನನ್ನ ಉದ್ಯೋಗಕ್ಕೆ ಒಪ್ಪುವ ಶಬ್ದವೇ! ಈ ಕಲ್ಪನೆ ಬೆಳೆದದ್ದು ನಾರ್ವೆಯ ಆಸ್ಲೋದಲ್ಲಿ, 1960ರ ದಶಕದಲ್ಲಿ, ಓಲೆ ಯೋಹಾನ್ ದಾಲ್ ಮತ್ತು ಕ್ರಿಸ್ಟೆನ್ ನ್ಯೂಗೋರ್ ಎಂಬಿಬ್ಬರು ಕಟ್ಟಿದ ಸಿಮುಲಾ ಎಂಬ ಭಾಷೆಯಲ್ಲಿ. ಸಾಲಿನಲ್ಲಿ ನಿಂತ ಜನ, ಕಾರ್ಖಾನೆಯಲ್ಲಿ ಸರತಿ ಕಾಯುವ ಸಾಮಾನು ಇಂಥವುಗಳ ಅಣಕುಚಿತ್ರವನ್ನು ಯಂತ್ರದೊಳಗೆ ನಡೆಸಿ ನೋಡುವುದು ಅವರ ಉದ್ದೇಶ. ಗಿರಾಕಿ ಯಾವ ಗಳಿಗೆಗೆ ಬರುವನೆಂದು ಹೇಳಲಾಗದಷ್ಟೆ? ಹಾಗಾಗಿ ಬೇಕಾದ ವ್ಯಾಪ್ತಿಯೊಳಗೆ ಯಾದೃಚ್ಛಿಕ ಸಂಖ್ಯೆ ಕೊಡುವ ಏರ್ಪಾಡು ಆ ಭಾಷೆಯಲ್ಲಿಯೇ ಸೇರಿತ್ತು. ಅಲ್ಲಿ 1 ಮತ್ತು 42 ಎಂದು ಹೇಳಿದರೆ 1 ಕೂಡ ಬರುತ್ತಿತ್ತು, 42 ಕೂಡ ಬರುತ್ತಿತ್ತು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ಮರುದಿನ ನನ್ನ ಪ್ರೋಗ್ರಾಮನ್ನು ಒಂದು ಲಕ್ಷ ಸಲ ಓಡಿಸಿ, ಪ್ರತಿಯೊಂದು ಸಂಖ್ಯೆಯೂ ಎಷ್ಟು ಸಲ ಬಂದಿತೆಂದು ಎಣಿಸಲು ಕುಳಿತೆ. ಮೊದಲ ಫಲ ಹಾಸ್ಯಾಸ್ಪದವಾಗಿತ್ತು. 17, 17, 17 ಎಂದು ಸಾವಿರಾರು ಸಲ ಬಂದು, ಆಮೇಲೆ 30, 30, 30. ಸ್ನೇಹಿತರು ನೋಡಿ ನಕ್ಕರು. ಪ್ರತಿಸಲವೂ ನಾನು ಹೊಸದೊಂದು ಆಬ್ಜೆಕ್ಟನ್ನು ಹುಟ್ಟಿಸುತ್ತಿದ್ದೆ. ಹುಟ್ಟಿದ ಆಬ್ಜೆಕ್ಟು ಗಡಿಯಾರವನ್ನು ನೋಡಿ ಬೀಜವನ್ನು ಆರಿಸಿಕೊಳ್ಳುತ್ತಿತ್ತು. ಆ ಗಡಿಯಾರದ ಒಂದು ಮಿಡಿತದೊಳಗೆ ಸಾವಿರಾರು ಆಬ್ಜೆಕ್ಟುಗಳು ಹುಟ್ಟಿ, ಎಲ್ಲವೂ ಒಂದೇ ಬೀಜದಿಂದ ಒಂದೇ ಉತ್ತರವನ್ನು ಹೇಳಿ ಸಾಯುತ್ತಿದ್ದವು. ಗಳಿಗೆಗೊಬ್ಬ ಶಾನುಭೋಗನನ್ನು ನೇಮಿಸಿ, ಕಡತದ ಮೊದಲ ಪುಟವನ್ನೇ ಓದಿಸಿದ ಹಾಗಾಯಿತು. ದಿನಕ್ಕೊಂದೇ ಸಲ ಕೇಳುತ್ತಿದ್ದುದರಿಂದ ತರಗತಿಯಲ್ಲಿ ಈ ತಪ್ಪು ತಲೆದೋರಿರಲಿಲ್ಲ.

ಒಂದೇ ಆಬ್ಜೆಕ್ಟನ್ನು ಮೊದಲಿಗೇ ಮಾಡಿಟ್ಟುಕೊಂಡು ಮತ್ತೆ ಓಡಿಸಿದೆ. ಈಗ ಎಣಿಕೆ ಸರಿಯಾಗಿ ಬರತೊಡಗಿತು. 1 ಸುಮಾರು 2,440 ಸಲ, 2ಕ್ಕೂ ಹೆಚ್ಚುಕಡಿಮೆ ಅಷ್ಟೇ, 41ರವರೆಗೂ ಅಷ್ಟಷ್ಟೇ. 42ರ ಎದುರಿಗೆ ಸೊನ್ನೆ.

ಒಂದು ಲಕ್ಷದಲ್ಲಿ ಸೊನ್ನೆ. ಇನ್ನು ಅದೃಷ್ಟದ ಮಾತಿಗೆ ಎಡೆಯಿಲ್ಲ. ನಾನು ಕಲಿತ ಭಾಷೆಯಲ್ಲಿ 1 ಮತ್ತು 42 ಎಂದು ಬರೆದರೆ ಕೆಳಗಿನ ಎಲ್ಲೆ ಒಳಗೆ, ಮೇಲಿನ ಎಲ್ಲೆ ಹೊರಗೆ. ಪುಸ್ತಕದಲ್ಲಿ ಅದನ್ನು ಸ್ಪಷ್ಟವಾಗಿ ಬರೆದಿದ್ದರು. ಕನ್ನಡ ಮೇಷ್ಟರಾದ ನನಗೆ ಅದನ್ನು ಓದಬೇಕೆಂದು ತೋರಿರಲಿಲ್ಲ. ನಮ್ಮ ಭಾಷೆಯಲ್ಲಿ "1ರಿಂದ 42ನೆಯ ಪದ್ಯದವರೆಗೆ ಪರೀಕ್ಷೆಗೆ" ಎಂದರೆ 42ನೆಯದನ್ನು ಬಿಟ್ಟು ಬರುವ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ. ಯಂತ್ರದವರ ಪದ್ಧತಿಗೂ ಕಾರಣ ಉಂಟು. ಮೇಲಿನ ಎಲ್ಲೆಯನ್ನು ಹೊರಗಿಟ್ಟರೆ, ಎರಡು ಎಲ್ಲೆಗಳನ್ನು ಕಳೆದಾಗ ಬರುವುದೇ ಸಂಖ್ಯೆಗಳ ಎಣಿಕೆ. ಒಂದು ವ್ಯಾಪ್ತಿ ಮುಗಿದಲ್ಲೇ ಇನ್ನೊಂದು ಮೊದಲಾಗುತ್ತದೆ. ಡಚ್ ವಿದ್ವಾಂಸ ಎಡ್ಸ್‌ಗರ್ ಡೈಕ್‌ಸ್ಟ್ರ 1982ರ ಟಿಪ್ಪಣಿಯೊಂದರಲ್ಲಿ ಈ ರೂಢಿಯನ್ನು ಸಮರ್ಥಿಸಿದ್ದಾನೆ. ವಾದ ಚೆನ್ನಾಗಿಯೇ ಇದೆ. ಆದರೆ ಎಲ್ಲರೂ ಅದಕ್ಕೆ ಬದ್ಧರಲ್ಲ: ಪೈಥಾನ್ ಭಾಷೆಯೊಂದರಲ್ಲೇ ರ‍್ಯಾಂಡಿಂಟ್ ಎಂಬುದು ಎರಡು ಎಲ್ಲೆಗಳನ್ನೂ ಒಳಗೊಳ್ಳುತ್ತದೆ, ರ‍್ಯಾಂಡ್‌ರೇಂಜ್ ಎಂಬುದು ಮೇಲಿನದನ್ನು ಬಿಡುತ್ತದೆ. ಒಂದೇ ಮನೆಯಲ್ಲಿ ಎರಡು ಮಡಿ!

ಸ್ನೇಹಿತರು ಶಂಕಿಸಿದ್ದು ಬೇರೊಂದನ್ನು. ದೊಡ್ಡ ಸಂಖ್ಯೆಯನ್ನು ಭಾಗಿಸಿ ಶೇಷ ತೆಗೆದು ವ್ಯಾಪ್ತಿಗೆ ಇಳಿಸುವವರು ಇದ್ದಾರೆ. ಅದರಲ್ಲೊಂದು ಸೂಕ್ಷ್ಮವಾದ ಅನ್ಯಾಯವಿದೆ ಎಂದರು. 0ಯಿಂದ 9ರವರೆಗಿನ ಒಂದು ಅಂಕಿಯನ್ನು 6ರಿಂದ ಭಾಗಿಸಿ ದಾಳದ ಆರು ಮುಖಗಳನ್ನು ಪಡೆಯುವೆನೆಂದು ಹೊರಡಿ. ಶೇಷ 0, 1, 2, 3 ಎರಡೆರಡು ದಾರಿಯಿಂದ ಬರುತ್ತವೆ. 4 ಮತ್ತು 5ಕ್ಕೆ ಒಂದೊಂದೇ ದಾರಿ. ಪರಿಹಾರ ಸುಲಭ: 6, 7, 8, 9 ಬಂದರೆ ಎಸೆದು ಇನ್ನೊಮ್ಮೆ ಕೇಳುವುದು. ಕವಡೆಯ ಆಟದಲ್ಲಂತೂ ಅಸಮತೆಯೇ ರುಚಿ. ನಾಲ್ಕು ಕವಡೆಗಳೂ ಎರಡು ಮಗ್ಗುಲಿಗೆ ಸಮನಾಗಿ ಬೀಳುವುವೆಂದೇ ಇಟ್ಟುಕೊಂಡರೂ, ಹದಿನಾರರಲ್ಲಿ ಆರು ಸಲ ಎರಡು ಬಿದ್ದರೆ, ಚೌಕ ಒಂದೇ ಸಲ, ಬಾರವೂ ಒಂದೇ ಸಲ. ಆಡುವವರೆಲ್ಲರಿಗೂ ಅದು ಗೊತ್ತು; ಯಾರೂ ದೂರುವುದಿಲ್ಲ.

ಗೊತ್ತಿಲ್ಲದೆ ನಡೆಯುವ ಅಸಮತೆಯ ಮಾತು ಬೇರೆ. 1969ರ ಡಿಸೆಂಬರ್ 1ರಂದು ವಾಷಿಂಗ್ಟನ್ನಿನಲ್ಲಿ, ಯುವಕರನ್ನು ಯಾವ ಸರತಿಯಲ್ಲಿ ಸೈನ್ಯಕ್ಕೆ ಕರೆಯಬೇಕೆಂದು ನಿಶ್ಚಯಿಸಲು 366 ಜನ್ಮದಿನಗಳ ಚೀಟಿ ಎತ್ತಿದರು. ವಿಯೆಟ್ನಾಂ ಯುದ್ಧದ ಕಾಲ. ಚೀಟಿಗಳನ್ನು ಪ್ಲಾಸ್ಟಿಕ್ ಗುಳಿಗೆಗಳಲ್ಲಿಟ್ಟು, ತಿಂಗಳ ಕ್ರಮದಲ್ಲಿ ತುಂಬಿ, ಸಾಕಷ್ಟು ಕಲೆಸದೆ ಎತ್ತಿದ್ದರಿಂದ ವರ್ಷದ ಕೊನೆಯ ತಿಂಗಳುಗಳವರು ಮೊದಲು ಸಿಕ್ಕರು. 195ರವರೆಗಿನ ಸಂಖ್ಯೆಯವರನ್ನು ಕರೆಯಲಾಯಿತು. ಡಿಸೆಂಬರಿನ 31 ದಿನಗಳಲ್ಲಿ ಆಚೆ ಉಳಿದವು ಐದು ಮಾತ್ರ. ಮುಂದಿನ ವರ್ಷ ಯಾದೃಚ್ಛಿಕ ಸಂಖ್ಯೆಗಳ ಕೋಷ್ಟಕದ ನೆರವು ಪಡೆದು ಏರ್ಪಾಡನ್ನು ತಿದ್ದಿದರು.

ನಾನು ತಿದ್ದಬೇಕಾಗಿದ್ದುದು ಒಂದು ಅಂಕಿ. 42 ಇದ್ದಲ್ಲಿ 43 ಎಂದು ಬರೆದೆ. ಲಕ್ಷ ಸಲ ಓಡಿಸಿದಾಗ 42ಕ್ಕೂ ಉಳಿದವರಂತೆ ಸುಮಾರು 2,380ರ ಪಾಲು ಬಂತು.

ಪರೀಕ್ಷೆಯ ಹಾಲ್ ಟಿಕೆಟ್ಟಿಗೆ ಆ ಹುಡುಗಿ ಬಂದಾಗ ಕೊಠಡಿಗೆ ಕರೆದು ನಡೆದದ್ದನ್ನು ಹೇಳಿದೆ. "ಹಾಗಾದರೆ ಅದೃಷ್ಟ ಅಲ್ಲವಾ ಸಾರ್?" ಎಂದಳು. "ಅಲ್ಲಮ್ಮ, ನನ್ನ ತಪ್ಪು" ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗ ಓದಲಾ?" ಎಂದು ಕೇಳಿ, ಚೀಲದಿಂದ ಪಠ್ಯವನ್ನು ತೆಗೆದು, ಕೊನೆಯ ಪಾಠದ ಷಟ್ಪದಿಯನ್ನು ನಿಂತೇ ಓದಿದಳು. ಮೂರನೆಯ ಪಾದದಲ್ಲಿ ಪದಚ್ಛೇದ ತಪ್ಪಿತು. ತಡೆದು ತಿದ್ದಿದೆ, ಮತ್ತೆ ಮೊದಲಿನಿಂದ ಓದಿದಳು.