ಮಳೆಗಾಲಕ್ಕೆ ತಕ್ಕ ಟೈರು

ಮೂಡಬಿದಿರೆಯ ಸಾವಿರ ಕಂಬದ ಬಸದಿಯನ್ನು ನೋಡಲು ಬರುವವರ ಕಣ್ಣು ಸಹಜವಾಗಿಯೇ ಕಂಬಗಳ ಕಡೆಗೆ ಹರಿಯುತ್ತದೆ. ನಾನಾದರೋ ಬಂದ ಅತಿಥಿಗಳಿಗೆ ಮೊದಲು ಅದರ ಮಾಡನ್ನು ತೋರಿಸುತ್ತೇನೆ. 1430ರಲ್ಲಿ ಕಟ್ಟಲಾದ ಆ ಬಸದಿಯ ಮಾಡು ನಮ್ಮ ಮನೆಗಳ ಮಾಡಿನಂತೆಯೇ ಇಳಿಜಾರಾಗಿದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೇ ಬಿದ್ದು ಮುಗಿಯುವ ಈ ನಾಡಿನಲ್ಲಿ, ಕಟ್ಟುವವನು ಮೊಟ್ಟಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಬಿದ್ದ ನೀರು ಎಲ್ಲಿಗೆ ಹೋಗಬೇಕು?

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ನಡುವೆ ಬದುಕುವ ನಾವೆಲ್ಲರೂ ಬೇಸಗೆಯ ಕೊನೆಯಲ್ಲಿ ಈ ಪ್ರಶ್ನೆಯನ್ನು ಕೇಳಿಕೊಳ್ಳುವವರೇ. ಒಡೆದ ಹಂಚನ್ನು ಬದಲಿಸುತ್ತೇವೆ. ಅಡಿಕೆ ತೋಟದ ಕಣಿಗಳ ಹೂಳು ತೆಗೆಸುತ್ತೇವೆ. ಹಾವಸೆ ಹಿಡಿದು ಜಾರುವ ಅಂಗಳಕ್ಕೆ ಸೋಗೆ ಹಾಸುತ್ತೇವೆ. ಆದರೆ ಅಂಗಳದಲ್ಲಿ ನಿಂತ ಕಾರಿನ ವಿಷಯದಲ್ಲಿ ನಮ್ಮ ಎಚ್ಚರಿಕೆ ಹೆಚ್ಚೆಂದರೆ ವೈಪರಿನ ರಬ್ಬರಿನವರೆಗೆ ಬಂದು ನಿಲ್ಲುತ್ತದೆ. ಕಾರಿಗೂ ನೆಲಕ್ಕೂ ನಡುವೆ ಇರುವ ಏಕಮಾತ್ರ ವಸ್ತುವಾದ ಟೈರನ್ನು ಬಗ್ಗಿ ನೋಡುವವರು ವಿರಳ.

ಈ ವಿಷಯವನ್ನು ನಾನು ಸ್ವಲ್ಪ ಕ್ರಮವಾಗಿ ಅಭ್ಯಸಿಸಲು ಕಾರಣನಾದವನು ನನ್ನ ಮಿತ್ರರೊಬ್ಬರ ಮಗ. ಕೆಲವು ವರ್ಷ ಜರ್ಮನಿಯಲ್ಲಿ ದುಡಿದು ಬೆಳ್ತಂಗಡಿಗೆ ಹಿಂದಿರುಗಿದ ಆತ ಇಲ್ಲಿ ಬಲಶಾಲಿಯಾದ, ವೇಗದ ಕಾರೊಂದನ್ನು ಕೊಂಡ. ತಂದೆಯವರಿಗೆ ಮೂತ್ರಪಿಂಡದ ಕಾಯಿಲೆ. ವಾರಕ್ಕೆ ಎರಡು ಬಾರಿ ನಸುಕಿನಲ್ಲೇ ಹೊರಟು ಅವರನ್ನು ಡಯಾಲಿಸಿಸ್‌ಗಾಗಿ ಮಂಗಳೂರಿಗೆ ಕರೆದೊಯ್ಯಬೇಕು. ಆಟಿಯ ಮಳೆ ಎಂದು ಅದನ್ನು ಮುಂದೂಡುವಂತಿಲ್ಲ. ಆತ ನನ್ನನ್ನು ಕೇಳಿದ: “ಅಲ್ಲಿ ಚಳಿಗಾಲಕ್ಕೆಂದು ಬೇರೆ ಟೈರು ಹಾಕಿಸುತ್ತಿದ್ದೆವು. ಇಲ್ಲಿಯ ಮಳೆಗಾಲಕ್ಕೆ ಯಾವುದನ್ನು ಹಾಕಿಸಬೇಕು?” ಪ್ರಶ್ನೆ ಸರಳವಾಗಿತ್ತು, ಉತ್ತರವನ್ನು ಕೂಡಿಸಿಕೊಳ್ಳಲು ನನಗೆ ಕೆಲವು ದಿನ ಹಿಡಿಯಿತು.

ಮೊದಲು ಚಳಿಗಾಲದ ಟೈರಿನ ವಿಚಾರ. ರಬ್ಬರು ತಣ್ಣಗಾದಂತೆ ಬಿರುಸಾಗುತ್ತದೆ. ಉಷ್ಣಾಂಶ ಏಳು ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿಳಿದರೆ ಸಾಧಾರಣ ಟೈರಿನ ರಬ್ಬರು ತನ್ನ ಮೃದುತ್ವವನ್ನು ಕಳೆದುಕೊಳ್ಳುತ್ತಾ ಹೋಗಿ, ರಸ್ತೆಯ ಸಣ್ಣ ಉಬ್ಬುತಗ್ಗುಗಳನ್ನು ತಬ್ಬಿ ಹಿಡಿಯಲಾರದೆ ಜಾರತೊಡಗುತ್ತದೆ. ಆದುದರಿಂದ ಶೀತದೇಶಗಳಲ್ಲಿ ಚಳಿಯಲ್ಲೂ ಮೆತ್ತಗೆ ಉಳಿಯುವ ರಬ್ಬರಿನಿಂದ, ಹಿಮವನ್ನು ಕಚ್ಚುವ ನೂರಾರು ಸಣ್ಣ ಸೀಳುಗಳಿರುವ ಟೈರನ್ನು ಮಾಡುತ್ತಾರೆ. ಮೂರು ಶಿಖರಗಳ ಬೆಟ್ಟದೊಳಗೆ ಒಂದು ಹಿಮದ ಹರಳು ಅದರ ಗುರುತು. ರಸ್ತೆಯಲ್ಲಿ ಹಿಮ, ಮಂಜುಗಡ್ಡೆಗಳಿರುವಾಗ ತಕ್ಕ ಟೈರಿಲ್ಲದೆ ವಾಹನ ಓಡಿಸಕೂಡದೆಂದು ಜರ್ಮನಿಯಲ್ಲಿ 2010ರಲ್ಲಿ ಸ್ಪಷ್ಟವಾದ ಕಾನೂನೇ ಆಯಿತು.

ಇಂಥ ಟೈರನ್ನು ತಂದು ನಮ್ಮ ರಸ್ತೆಯಲ್ಲಿ ಓಡಿಸಿದರೆ ಏನಾದೀತು? ನಮ್ಮಲ್ಲಿ ಸುರಿಮಳೆಯ ದಿನವೂ ಉಷ್ಣಾಂಶ ಇಪ್ಪತ್ತರ ಮೇಲೆಯೇ ಇರುತ್ತದೆ. ಚಳಿಗೆಂದು ಮಾಡಿದ ರಬ್ಬರು ಇಲ್ಲಿ ಅತಿಯಾಗಿ ಮೆತ್ತಗಾಗಿ, ತಿರುವಿನಲ್ಲಿ ತೂಗಾಡಿ, ಬೇಗನೆ ಸವೆದುಹೋದೀತು. ನಮ್ಮ ಶತ್ರು ಚಳಿಯಲ್ಲ, ನೀರು. ಆದರೆ ಆ ದೇಶದವರಿಂದ ನಾವು ಕಲಿಯಬೇಕಾದ ಒಂದು ಪಾಠವಿದೆ: ವರ್ಷದ ಅತ್ಯಂತ ಕಠಿಣವಾದ ದಿನವನ್ನು ಮನಸ್ಸಿನಲ್ಲಿಟ್ಟುಕೊಂಡು ಅವರು ಟೈರನ್ನು ಆರಿಸುತ್ತಾರೆ. ನಾವು ಅಂಗಡಿಯಲ್ಲಿ ಕೇಳುವುದು ಎಷ್ಟು ಸಾವಿರ ಕಿಲೋಮೀಟರು ಬಾಳುತ್ತದೆ ಎಂದು. ಒದ್ದೆ ರಸ್ತೆಯಲ್ಲಿ ಎಷ್ಟು ಬೇಗ ನಿಲ್ಲುತ್ತದೆ ಎಂಬುದು ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ.

ನೀರು ಏನು ಮಾಡುತ್ತದೆ ಎಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಟೈರಿನ ಅಗಲ 200 ಮಿಲಿಮೀಟರು, ರಸ್ತೆಯ ಮೇಲೆ ನಿಂತ ನೀರು ಮೂರು ಮಿಲಿಮೀಟರು, ಕಾರಿನ ವೇಗ ಗಂಟೆಗೆ 80 ಕಿಲೋಮೀಟರು ಎಂದು ಇಟ್ಟುಕೊಳ್ಳೋಣ. ಅಂದರೆ ಸೆಕೆಂಡಿಗೆ 22 ಮೀಟರು. ಇವನ್ನು ಗುಣಿಸಿದರೆ, ಒಂದು ಟೈರು ಒಂದು ಸೆಕೆಂಡಿನಲ್ಲಿ ತನ್ನ ದಾರಿಯಿಂದ ಸರಿಸಬೇಕಾದ ನೀರು ಸುಮಾರು ಹದಿಮೂರು ಲೀಟರು. ಸೆಕೆಂಡಿಗೊಂದು ಕೊಡಪಾನ! ಈ ಕೆಲಸವನ್ನು ಮಾಡಬೇಕಾದ ಜಾಗವಾದರೂ ಎಷ್ಟು? ಟೈರು ನೆಲಕ್ಕೆ ತಾಗುವುದು ಹೆಚ್ಚುಕಡಿಮೆ ನಮ್ಮ ಅಂಗೈಯಷ್ಟು ಜಾಗದಲ್ಲಿ ಮಾತ್ರ. ಒಂದು ಸಾವಿರಕ್ಕೂ ಹೆಚ್ಚು ಕಿಲೋ ತೂಗುವ ಕಾರು, ಅದರೊಳಗಿನ ಇಡೀ ಸಂಸಾರ, ಇಂಥ ನಾಲ್ಕು ಅಂಗೈಗಳ ಮೇಲೆ ನಿಂತಿದೆ.

ಟೈರು ನೀರನ್ನು ಸರಿಸಲು ಸೋತ ಕ್ಷಣದಲ್ಲಿ ನೀರೇ ಟೈರನ್ನು ಎತ್ತುತ್ತದೆ. ಆಗ ಕಾರು ನೆಲದ ಮೇಲಿಲ್ಲ, ನೀರಿನ ಹಾಳೆಯೊಂದರ ಮೇಲೆ ತೇಲುತ್ತಿದೆ. ಸ್ಟಿಯರಿಂಗ್ ಒಮ್ಮೆಲೇ ಹಗುರವಾಗುತ್ತದೆ; ಬ್ರೇಕು ಒತ್ತಿದರೂ ಫಲವಿಲ್ಲ. ಒದ್ದೆ ರನ್‌ವೇಯಲ್ಲಿ ಇಳಿಯುವ ವಿಮಾನಗಳಿಗಾಗಿ ಅಮೆರಿಕದ ನಾಸಾ ಸಂಸ್ಥೆ ಇದನ್ನು ಆಳವಾಗಿ ಅಭ್ಯಸಿಸಿತು. 1963ರಲ್ಲಿ ಹಾರ್ನ್ ಮತ್ತು ಡ್ರೆಹರ್ ಎಂಬ ಇಬ್ಬರು ಸಂಶೋಧಕರು ಪ್ರಕಟಿಸಿದ ವರದಿಯ ಪ್ರಕಾರ, ಟೈರು ತೇಲತೊಡಗುವ ವೇಗವು ಅದರೊಳಗಿನ ಗಾಳಿಯ ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆ. ಆ ಸೂತ್ರವನ್ನು ಕಾರಿಗೆ ಅನ್ವಯಿಸಿದರೆ, ರಸ್ತೆಯಲ್ಲಿ ಸಾಕಷ್ಟು ನೀರು ನಿಂತು ಟೈರು ಸವೆದಿರುವಾಗ, 30 ಪೌಂಡು ಒತ್ತಡಕ್ಕೆ ಆ ವೇಗ ಸುಮಾರು 90 ಕಿಲೋಮೀಟರು. 20 ಪೌಂಡಿಗೆ ಇಳಿದರೆ ಸುಮಾರು 75. ಮಳೆಗಾಲದಲ್ಲಿ ಗಾಳಿ ಕಡಿಮೆಯಿದ್ದರೆ ಹಿಡಿತ ಹೆಚ್ಚೆಂಬ ನಂಬಿಕೆ ನಮ್ಮಲ್ಲಿದೆ. ನಿಂತ ನೀರಿನ ಮಟ್ಟಿಗೆ ಸತ್ಯ ಅದಕ್ಕೆ ವಿರುದ್ಧವಾಗಿದೆ. ತಯಾರಕರು ಹೇಳಿದ ಒತ್ತಡವನ್ನು ಟೈರು ತಣ್ಣಗಿರುವಾಗಲೇ ಪರೀಕ್ಷಿಸಿ ಕಾಯ್ದುಕೊಳ್ಳಬೇಕು.

ತೇಲುವುದನ್ನು ತಡೆಯುವುದು ಟೈರಿನ ಮೈಮೇಲಿನ ಗೀರುಗಳ ಕೆಲಸ. ಅಡಿಕೆ ತೋಟದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅವು ಟೈರಿನ ಕಣಿಗಳು. ಟೈರಿನ ಸುತ್ತ ಓಡುವ ನಾಲ್ಕು ಅಗಲವಾದ ಕಣಿಗಳು ನೀರನ್ನು ಹಿಂದಕ್ಕೆ ಸಾಗಿಸಿದರೆ, ಓರೆಯಾದ ಸಣ್ಣ ಕಣಿಗಳು ಪಕ್ಕಕ್ಕೆ ಚೆಲ್ಲುತ್ತವೆ. ಹೊಸ ಟೈರಿನಲ್ಲಿ ಇವುಗಳ ಆಳ ಸಾಮಾನ್ಯವಾಗಿ ಎಂಟು ಮಿಲಿಮೀಟರಿನ ಆಸುಪಾಸು. ನಮ್ಮ ಮೋಟಾರು ವಾಹನ ನಿಯಮ ಕಾರಿನ ಟೈರಿಗೆ ವಿಧಿಸಿರುವ ಕನಿಷ್ಠ ಆಳ 1.6 ಮಿಲಿಮೀಟರು, ಕಣಿಯ ತಳದಲ್ಲಿರುವ ಸಣ್ಣ ದಿಬ್ಬ ಮೇಲ್ಮೈಗೆ ಸಮವಾದರೆ ಆ ಮಿತಿ ಮುಟ್ಟಿತೆಂದು ಅರ್ಥ. ಆದರೆ ಕಾನೂನಿಗೆ ಸಾಕಾದುದು ಮಳೆಗೆ ಸಾಕಾಗುವುದಿಲ್ಲ. ಮೂರು ಮಿಲಿಮೀಟರಿಗಿಂತ ಕೆಳಗೆ ಒದ್ದೆ ರಸ್ತೆಯ ಹಿಡಿತ ಬೇಗಬೇಗನೆ ಕುಸಿಯುತ್ತದೆ. ಮೇ ತಿಂಗಳಿನಲ್ಲಿ ಒಂದು ರಟ್ಟಿನ ಚೂರನ್ನು ಕಣಿಗೆ ಇಳಿಸಿ, ಗುರುತು ಹಾಕಿ, ಅಳತೆಪಟ್ಟಿಯಿಂದ ಅಳೆಯಿರಿ. ಮೂರಕ್ಕಿಂತ ಕಡಿಮೆ ಬಂದರೆ ಮುಂಗಾರಿಗೆ ಮೊದಲೇ ಬದಲಿಸುವುದು ಲೇಸು.

ಇನ್ನು ವೇಗದ ಕಾರಿನ ವಿಶೇಷ ಸಮಸ್ಯೆ. ಅಂಥ ಕಾರನ್ನು ಕೊಂಡವರಿಗೆ ಟೈರು ಅಗಲವಾಗಿರಬೇಕು, ಅದರ ಪಕ್ಕದ ಗೋಡೆ ಗಿಡ್ಡವಾಗಿರಬೇಕು ಎಂಬ ಆಸೆ. ನೋಟಕ್ಕೆ ಅದು ಸೊಗಸು. ಒಣ ರಸ್ತೆಯ ತಿರುವಿನಲ್ಲಿ ಉಪಯೋಗವೂ ಹೌದು. ಆದರೆ ಮೇಲಿನ ಲೆಕ್ಕವನ್ನೇ 245 ಮಿಲಿಮೀಟರಿನ ಅಗಲಕ್ಕೆ ಮಾಡಿದರೆ ಸೆಕೆಂಡಿಗೆ ಸರಿಸಬೇಕಾದ ನೀರು ಹದಿಮೂರರಿಂದ ಹದಿನಾರು ಲೀಟರಿಗೆ ಏರುತ್ತದೆ. ಗಿಡ್ಡ ಗೋಡೆಯ ಟೈರಿಗೆ ನೀರು ತುಂಬಿ ಮರೆಯಾದ ಹೊಂಡವೊಂದು ಸಾಕು; ಗೋಡೆ ಉಬ್ಬೀತು, ರಿಮ್ಮು ಬಾಗೀತು. ಕಾರಿನ ತಯಾರಕರು ಸೂಚಿಸಿದ ಅಳತೆಗಳಲ್ಲಿ ಎರಡು ಇದ್ದರೆ, ನಮ್ಮ ಊರಿನವರು ಕಿರಿದಾದುದನ್ನೇ ಆರಿಸುವುದು ವಿವೇಕ.

ಟೈರಿನ ಪಕ್ಕದಲ್ಲಿ ಅಚ್ಚಾದ ಅಕ್ಷರಗಳನ್ನು ಓದಲು ಕಲಿಯುವುದು ಕಷ್ಟವೇನಲ್ಲ. 205/55 ಆರ್ 16 91 ವಿ ಎಂದಿದ್ದರೆ, ಅಗಲ 205 ಮಿಲಿಮೀಟರು. ಗೋಡೆಯ ಎತ್ತರ ಅದರ ನೂರಕ್ಕೆ 55 ಪಾಲು. ಆರ್ ಎಂದರೆ ರೇಡಿಯಲ್. ರಿಮ್ಮಿನ ವ್ಯಾಸ 16 ಅಂಗುಲ. 91 ಎಂಬುದು ಒಂದು ಟೈರು 615 ಕಿಲೋ ಹೊರಬಲ್ಲುದೆಂಬ ಸಂಕೇತ. ವಿ ಎಂದರೆ 240 ಕಿಲೋಮೀಟರು ವೇಗದ ಮಿತಿ. ಭಾರದ ಸಂಕೇತವನ್ನೂ ವೇಗದ ಸಂಕೇತವನ್ನೂ ತಯಾರಕರು ಹೇಳಿದುದಕ್ಕಿಂತ ಇಳಿಸಬಾರದು. ಬೇರೊಂದೆಡೆ ನಾಲ್ಕು ಅಂಕಿಗಳಿರುತ್ತವೆ. 2324 ಎಂದರೆ 2024ರ 23ನೆಯ ವಾರದಲ್ಲಿ ತಯಾರಾದುದು. ಓಡದೆ ನಿಂತ ಟೈರಿಗೂ ಮುಪ್ಪು ಬರುತ್ತದೆ. ರಬ್ಬರು ಬಿರುಸಾಗಿ ಬಿರುಕು ಬಿಡುತ್ತದೆ. ಐದು ವರ್ಷ ದಾಟಿದ ಟೈರನ್ನು ಕಣಿ ಆಳವಾಗಿದ್ದರೂ ಪ್ರತಿವರ್ಷ ತಿಳಿದವರಿಗೆ ತೋರಿಸಬೇಕು.

ಬೆಳ್ತಂಗಡಿಯ ಗುಡ್ಡಗಳಲ್ಲಿ ರಬ್ಬರು ಬೆಳೆಯುವವರಿಗೆ ಟೈರಿನ ಬಣ್ಣ ಅಚ್ಚರಿಯೆನಿಸಬಹುದು. ಮರ ಕೊಡುವ ಹಾಲು ಬಿಳಿ, ಟೈರು ಕಪ್ಪು. ಆ ಹಾಲಿನ ರಬ್ಬರಿಗೆ ಕೃತಕ ರಬ್ಬರು, ಗಂಧಕ, ಇಂಗಾಲದ ಮಸಿ ಸೇರಿ ಟೈರಾಗುತ್ತದೆ. ಬಣ್ಣವೂ ಬಾಳಿಕೆಯೂ ಮಸಿಯದು. 1990ರ ದಶಕದಿಂದ ಮಸಿಯ ಒಂದು ಪಾಲಿನ ಬದಲು ಸಿಲಿಕಾ ಬೆರೆಸುವ ಕ್ರಮ ಬಳಕೆಗೆ ಬಂದು, ಒದ್ದೆ ರಸ್ತೆಯ ಹಿಡಿತ ಗಮನಾರ್ಹವಾಗಿ ಸುಧಾರಿಸಿತು. ಆದುದರಿಂದ ಹೆಸರನ್ನು ಮಾತ್ರ ನೋಡಿ ಕೊಳ್ಳದೆ, ಒದ್ದೆ ಹಿಡಿತದ ದರ್ಜೆ ಏನೆಂದು ವಿಚಾರಿಸಬೇಕು. ಯುರೋಪಿನಲ್ಲಿ 2012ರಿಂದ ಇಂಥ ದರ್ಜೆಯ ಚೀಟಿ ಟೈರಿನೊಂದಿಗೇ ಬರುತ್ತದೆ. ನಮ್ಮಲ್ಲೂ ಕೇಂದ್ರ ಸರಕಾರ 2022ರಲ್ಲಿ ಅಧಿಸೂಚನೆ ಹೊರಡಿಸಿ ಒದ್ದೆ ಹಿಡಿತ, ಉರುಳುವಿಕೆಯ ಪ್ರತಿರೋಧ, ಸದ್ದು ಈ ಮೂರಕ್ಕೂ ಕನಿಷ್ಠ ಮಟ್ಟವನ್ನು ವಿಧಿಸಿತು.

ಎರಡೇ ಟೈರು ಕೊಳ್ಳುವಷ್ಟು ಹಣವಿದ್ದಾಗ ಹೊಸವನ್ನು ಎಲ್ಲಿ ಹಾಕಿಸಬೇಕು? ಇಂಜಿನ್ನಿನ ಬಲ ಮುಂದಿನ ಗಾಲಿಗೆ ಹೋಗುವ ಕಾರಿನಲ್ಲಿ ಹೊಸವು ಮುಂದಕ್ಕೆ ಎಂಬುದು ರೂಢಿ. ಟೈರು ತಯಾರಕರ ಸಲಹೆ ಹಿಂದಕ್ಕೆ ಎಂದಿದೆ. ಮುಂದಿನ ಗಾಲಿ ಜಾರಿದರೆ ಕಾರು ನೇರವಾಗಿ ಸಾಗುತ್ತದೆ, ವೇಗ ತಗ್ಗಿಸಿದರೆ ಹಿಡಿತ ಮರಳುತ್ತದೆ. ಹಿಂದಿನವು ಜಾರಿದರೆ ಕಾರು ಬುಗುರಿಯಂತೆ ತಿರುಗಿಬಿಡುತ್ತದೆ. ಅದನ್ನು ಹತೋಟಿಗೆ ತರುವುದು ನುರಿತವರಿಗೂ ಕಷ್ಟ.

ನಮ್ಮ ಮೂರು ಊರುಗಳ ನಡುವಿನ ದಾರಿಗಳನ್ನು ನಾನು ಬಹುಕಾಲದಿಂದ ಬಲ್ಲೆ. ಮೂಡಬಿದಿರೆಯಿಂದ ಸಿದ್ಧಕಟ್ಟೆಯ ಮೇಲೆ ಬಂಟ್ವಾಳಕ್ಕೆ, ವೇಣೂರಿನ ಮೇಲೆ ಬೆಳ್ತಂಗಡಿಗೆ, ಬಂಟ್ವಾಳದಿಂದ ಪುಂಜಾಲಕಟ್ಟೆಯ ಮೇಲೆ ಬೆಳ್ತಂಗಡಿಗೆ. ಎಲ್ಲಿಯೂ ಉದ್ದವಾದ ನೇರ ದಾರಿಯಿಲ್ಲ. ಏರು, ಇಳಿತ, ತಿರುವು, ಮರದ ನೆರಳು, ಗುಡ್ಡದಿಂದ ಇಳಿದ ಕೆಂಪು ಕೆಸರು. ಬೇಸಗೆಯ ಎಣ್ಣೆ, ಧೂಳುಗಳು ಮೊದಲ ಮಳೆಗೆ ಕಲಸಿ ರಸ್ತೆ ಸಾಬೂನಿನಂತಾಗುವ ದಿನ ಸುರಿಮಳೆಯ ದಿನಕ್ಕಿಂತಲೂ ಮೋಸದ್ದು. ಹಿಡಿತ ಅರ್ಧವಾದರೆ ನಿಲ್ಲಲು ಬೇಕಾದ ದೂರ ಇಮ್ಮಡಿಯಾಗುತ್ತದೆ ಎಂಬುದು ಭೌತಶಾಸ್ತ್ರದ ಸರಳ ನಿಯಮ. 80 ಕಿಲೋಮೀಟರು ವೇಗದಲ್ಲಿ ಒಣ ರಸ್ತೆಯಲ್ಲಿ ಬ್ರೇಕು ಹಿಡಿದಂದಿನಿಂದ 31 ಮೀಟರಿನಲ್ಲಿ ನಿಲ್ಲುವ ಕಾರು, ಹಿಡಿತ ಅರ್ಧವಾದಾಗ 62 ಮೀಟರು ತಿನ್ನುತ್ತದೆ. ಆ ಹೆಚ್ಚಿನ ಮೂವತ್ತೊಂದು ಮೀಟರಿನಲ್ಲಿ ಯಾರಿದ್ದಾರೆ ಎಂಬುದು ಇಂಜಿನ್ನಿಗೆ ಗೊತ್ತಿಲ್ಲ.

ಟೈರು ಮಾಡಲಾರದ ಕೆಲಸವೂ ಇದೆ. 2019ರ ಆಗಸ್ಟಿನ ಮಳೆಗೆ ಚಾರ್ಮಾಡಿ ಘಾಟಿಯಲ್ಲಿ ಗುಡ್ಡಗಳೇ ಜರಿದು ದಾರಿ ಮುಚ್ಚಿದಾಗ ಯಾವ ಕಾರಿನ ಯಾವ ಟೈರಿಗೂ ಅಲ್ಲಿ ಕೆಲಸವಿರಲಿಲ್ಲ. 1923ರ, 1974ರ ನೇತ್ರಾವತಿಯ ನೆರೆಯನ್ನು ಬಂಟ್ವಾಳದ ಹಿರಿಯರು ಇಂದಿಗೂ ನೆನೆಯುತ್ತಾರೆ. ಹರಿಯುವ ನೀರಿನ ಮುಂದೆ ಹಿಂದಿರುಗುವುದೇ ಸರಿ.

ಮಿತ್ರರ ಮಗನಿಗೆ ನಾನು ಕೊಟ್ಟ ಉತ್ತರ ಇಷ್ಟು: ಬೇರೆ ಜೊತೆ ಟೈರು ಬೇಡ; ತಯಾರಕರು ಹೇಳಿದ ಅಳತೆಗಳಲ್ಲಿ ಕಿರಿದಾದುದು, ಒದ್ದೆ ಹಿಡಿತದಲ್ಲಿ ಮೇಲಿನ ದರ್ಜೆಯದು, ಇತ್ತೀಚೆಗೆ ತಯಾರಾದುದು, ನಾಲ್ಕೂ ಒಂದೇ ಬಗೆಯದು; ಮೂರು ಮಿಲಿಮೀಟರಿಗೆ ವಿದಾಯ; ಹದಿನೈದು ದಿನಕ್ಕೊಮ್ಮೆ ಗಾಳಿ; ಮತ್ತು ಮಂಗಳೂರಿಗೆ ಅರ್ಧ ಗಂಟೆ ಮೊದಲೇ ಹೊರಡುವುದು. ಕೊನೆಯದನ್ನು ಅಂಗಡಿಯಲ್ಲಿ ಮಾರುವುದಿಲ್ಲ. ಜುಲೈ ತಿಂಗಳ ಬೆಳಿಗ್ಗೆ ಬಿ.ಸಿ.ರೋಡಿನ ಅಂಚಿನಲ್ಲಿ, ಗಾಳಿಗೆ ಮಗುಚುವ ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದು ಶಾಲೆಯ ಬಸ್ಸಿಗೆ ಕಾಯುವ ಮಕ್ಕಳಿಗೆ ನಮ್ಮ ಕಾರಿನ ಬಲ ಕಾಣುವುದಿಲ್ಲ, ಟೈರೂ ಕಾಣುವುದಿಲ್ಲ. ಆದರೂ ಆ ಟೈರನ್ನು ನಾವು ಆರಿಸುವುದು ಅವರ ಪರವಾಗಿಯೂ ಹೌದು.